ಒಂದು ಹನಿಯೂ ಸಿಡಿಯಲಿಲ್ಲ

"ಗೆದ್ದ ತಕ್ಷಣ ಎತ್ತಿ ನೀರಿಗೆ ಹಾಕಿಬಿಡೋಣ. ಓಡೋಕೆ ಬಿಡಬಾರದು."

ದೋಣಿ ಷೆಡ್ಡಿನ ಕಿಟಕಿಯ ಕೆಳಗೆ ರಾಷ್ಟ್ರೀಯ ರೋಯಿಂಗ್ ಫೆಡರೇಷನ್ನಿನ ಕಾರ್ಯದರ್ಶಿಗಳು ಉಸಿರು ಬಿಗಿಹಿಡಿದು ಕುಕ್ಕರಿಸಿದರು. ಯಾರು ಕೆಲಸ ಬಿಟ್ಟು ಹರಟೆ ಹೊಡೆಯುತ್ತಾರೆಂದು ಕದ್ದು ಕೇಳಲು ಬಂದಿದ್ದರು. ದೇಶದ ದೋಣಿ ಕ್ರೀಡೆಗೆ ಅವರು ಸಲ್ಲಿಸುತ್ತಿದ್ದ ಸೇವೆಯಲ್ಲಿ ಇದೇ ದೊಡ್ಡದು.

"ಎತ್ತೋದೇನ್ ಮಹಾ, ಆಳು ಹಿಡಿಯಷ್ಟಿದೆ," ಎಂದಿತು ಇನ್ನೊಂದು ದನಿ. "ಎರಡು ವರ್ಷದಿಂದ ಕೂತಲ್ಲೇ ಕೂತು, ಒಂದು ಸಲ ಹುಟ್ಟು ಮುಟ್ಟದೆ, ನಮ್ಮ ಮೇಲೆ ಕೂಗಾಡಿದ್ದೇ ಕೂಗಾಡಿದ್ದು. ಅಷ್ಟಾದರೂ ಮಾಡದಿದ್ರೆ ಹೇಗೆ?"

ಕಾರ್ಯದರ್ಶಿಗಳ ಎತ್ತರ ಐದಡಿ. ಕುರ್ಚಿ ಹತ್ತಿ ಎರಡು ವರ್ಷವಾಗಿತ್ತು. ಅವರ ಕೂಗಾಟ ಕೆರೆಯ ಆಚೆ ದಡಕ್ಕೂ ಕೇಳುತ್ತಿತ್ತು.

ಮೂರನೆಯದು ದೋಣಿ ಮೇಸ್ತ್ರಿಯ ದನಿ. "ಕಟ್ಟೆಯ ಬಲಗಡೆ ಕಲ್ಲಿವೆ ಕಣ್ರೋ. ಎಡಗಡೆ ಹಾಕಿ, ಆಳ ಚೆನ್ನಾಗಿದೆ. ನಾನು ಮುಂದೇನೇ ನಿಂತಿರ್ತೀನಿ. ಇದನ್ನ ಕಣ್ತುಂಬ ನೋಡ್ಬೇಕು ಅಂತಾನೇ ಇಷ್ಟು ದಿನ ಕಾದಿದೀನಿ."

ಮೇಸ್ತ್ರಿಗೆ ಸಿಟ್ಟಿರಲು ಕಾರಣವಿತ್ತು. ಒಳಗೆ ಮಾತಾಡುತ್ತಿದ್ದವರ ದೋಣಿಗೆ ಚುಕ್ಕಾಣಿ ಹಿಡಿಯುವ ಕಾಕ್ಸ್ ಅವನ ಮಗಳು, ಗುಬ್ಬಿ. ಅವಳನ್ನು ತಂಡದಿಂದ ಕಿತ್ತು ಹಾಕಲು ಕಾರ್ಯದರ್ಶಿಗಳು ಎರಡು ಬಾರಿ ಕೈಹಾಕಿ ಸೋತಿದ್ದರು.

ನೀರಿಗೆ ಬೀಳಬೇಕಾದವರು ತಾವೇ ಎಂದು ಕಾರ್ಯದರ್ಶಿಗಳಿಗೆ ಖಾತ್ರಿಯಾಯಿತು. ಮರುನಿಮಿಷ ಮುಖ ಅರಳಿತು. ನಾಳೆ ಫೈನಲ್. ಗೆದ್ದ ದೋಣಿ ದೇಶದ ಪರವಾಗಿ ಹೊರದೇಶಕ್ಕೆ ಹೋಗುತ್ತದೆ. ಗುಬ್ಬಿಯ ದೋಣಿಯ ಹಿಂದೆ ಪ್ರತಿಸಲ ಎರಡನೆಯದಾಗಿ ಬರುವುದು ಅವರ ಅಕ್ಕನ ಮಗನ ದೋಣಿ. ಮೊದಲನೆಯದರ ಹೆಸರು ಹೊಡೆದುಹಾಕಿದರೆ ಎರಡನೆಯದು ತಾನಾಗಿ ಮೊದಲನೆಯದು. ಅಷ್ಟು ಲೆಕ್ಕ ಅವರಿಗೆ ಬರುತ್ತಿತ್ತು.

ದೂರು ಬರೆಯಲು ಅವರು ಕಚೇರಿಗೆ ಧಾವಿಸಿದರು. ಪಡಸಾಲೆಯ ಗೋಡೆಯುದ್ದಕ್ಕೂ ನಲವತ್ತು ವರ್ಷದ ಚಾಂಪಿಯನ್ನರ ಫೋಟೊಗಳು. ಅವರಿಗೆ ಅವನ್ನು ಕಂಡರಾಗದು. ಪ್ರತಿಯೊಂದರಲ್ಲೂ ಮಿಕ್ಕವರೆಲ್ಲ ಹಲ್ಲು ಕಿರಿಯುತ್ತಿದ್ದರೆ, ನಡುವೆ ಒಬ್ಬ ಕುಳ್ಳ ತೊಪ್ಪೆಯಾಗಿ ನೀರು ಸೋರಿಸುತ್ತ ನಿಂತಿರುತ್ತಿದ್ದ. ಶಿಸ್ತಿಲ್ಲದ ಜನ.

ಅವರ ಸ್ವಂತ ಫೋಟೊ ಸ್ವಂತ ಕೋಣೆಯಲ್ಲಿತ್ತು, ಚಿನ್ನದ ಬಣ್ಣದ ಚೌಕಟ್ಟಿನಲ್ಲಿ. ದೋಣಿಯ ಪಕ್ಕ ಎಳೆಯ ಕಾರ್ಯದರ್ಶಿಗಳು: ಇಸ್ತ್ರಿ ಮಾಡಿದ ಬ್ಲೇಜರು, ಎಣ್ಣೆ ಹಚ್ಚಿ ಬಾಚಿದ ಕ್ರಾಪು, ಕೊರಳಲ್ಲಿ ಪದಕ. ಕೆಳಗೆ 'ಗೆದ್ದ ಕ್ಷಣ' ಎಂಬ ಬರಹ. ಕಾಕ್ಸ್ ಎಂದರೆ ದೋಣಿಯ ತುದಿಯಲ್ಲಿ ಕೂತು ದಾರಿ ನೋಡಿ ನಡೆಸುವವನು. ಮೂರು ಸಲ ಗೆದ್ದ ಕಾಕ್ಸ್ ತಾವೆಂದು ಅವರು ಹೇಳಿಕೊಳ್ಳುತ್ತಿದ್ದರು. ಗೆದ್ದ ದೋಣಿಯಲ್ಲಿ ಕೂತವರೇ ಕಾರ್ಯದರ್ಶಿಯಾಗಬೇಕು ಎಂಬುದು ಫೆಡರೇಷನ್ನಿನ ನಿಯಮ. ಆ ವರ್ಷಗಳ ದಾಖಲೆಗಳನ್ನೂ ಪಡಸಾಲೆಯ ಫೋಟೊಗಳನ್ನೂ ಗೆದ್ದಲು ತಿಂದಿತ್ತು. ಈ ಫೋಟೊ ಉಳಿದಿತ್ತು.

ಮರುದಿನ ಬೆಳಿಗ್ಗೆ ಅದೇ ಕೋಣೆಯಲ್ಲಿ ವಿಚಾರಣೆ. ಅಧ್ಯಕ್ಷೆ ಹೊಸಬರು, ಬಂದು ಮೂರು ವಾರ. ಇಪ್ಪತ್ತು ವರ್ಷ ಹುಟ್ಟು ಹಾಕಿದ ಅವರ ಅಂಗೈ ಇನ್ನೂ ಮರಳು ಕಾಗದದಂತಿತ್ತು. 'ಕೊಲೆ ಸಂಚು' ಎಂಬ ತಲೆಬರಹದ ದೂರನ್ನು ಮನಸ್ಸಿನಲ್ಲೇ ಓದಿ ಮಡಚಿದರು. ಎದುರಿಗೆ ಗುಬ್ಬಿಯ ತಂಡದ ಉದ್ದನೆಯವನು, ಎಲ್ಲರ ಬಾಯಲ್ಲಿ ಕಂಬ, ಬಾಗಿಲಿನ ಚೌಕಟ್ಟಿಗೆ ತಲೆ ತಾಗಿಸಿಕೊಂಡು ನಿಂತಿದ್ದ.

"ಗೆದ್ದರೆ ಎತ್ತಿ ನೀರಿಗೆ ಹಾಕ್ತೀವಿ ಅಂತ ಮಾತಾಡಿದ್ರೇನಪ್ಪ?"

"ಮಾತಾಡಿದ್ವಿ ಮೇಡಂ." ಕಂಬ ತಬ್ಬಿಬ್ಬಾದ. "ಯಾಕೆ, ಹಾಕಬಾರದು ಅಂತ ಹೊಸ ನಿಯಮ ಏನಾದ್ರೂ ಬಂತಾ?"

"ನೋಡಿ ಮೇಡಂ, ನೋಡಿ ಇವನ ಕೊಬ್ಬು," ಎಂದರು ಕಾರ್ಯದರ್ಶಿಗಳು. "ಇವರ ದೋಣಿ ಹೆಸರು ಈಗಲೇ ಹೊಡೆದುಹಾಕಿ."

ಕಂಬನ ಮುಖ ಬಿಳಿಚಿತು. ಎರಡು ವರ್ಷದ ಬೆವರು ಮಣ್ಣುಪಾಲಾಗಲು ಒಂದು ಸಹಿ ಸಾಕಿತ್ತು.

ಅಧ್ಯಕ್ಷೆ ಕರವಸ್ತ್ರ ತೆಗೆದು ಬಾಯಿಗೆ ಹಿಡಿದು ಕೆಮ್ಮಿದರು. ಆಮೇಲೆ ಗೋಡೆಯ ಫೋಟೊ ನೋಡಿದರು, ಬಹಳ ಹೊತ್ತು.

"ನೀವು ಗೆದ್ದಾಗ ನಿಮಗೆ ಯಾರೂ ಹೀಗೆ ಮಾಡ್ಲಿಲ್ವಾ?"

"ನನ್ನ ಮೈ ಮುಟ್ಟೋ ಧೈರ್ಯ ಯಾರಿಗಿತ್ತು ಮೇಡಂ? ಮೂರು ಸಲ ಗೆದ್ದೆ. ನನ್ನ ಮೇಲೆ ಒಂದು ಹನಿಯೂ ಸಿಡೀಲಿಲ್ಲ."

"ಅದನ್ನ ಬರೆದು ಕೊಡ್ತೀರಾ?"

"ಧಾರಾಳವಾಗಿ." ಅವರು ಬರೆದು ಎರಡು ಕಡೆ ಸಹಿ ಮಾಡಿದರು.

ಅಧ್ಯಕ್ಷೆ ಕಾಗದವನ್ನು ಚೀಲಕ್ಕೆ ಹಾಕಿಕೊಂಡರು. "ರೇಸ್ ನಡೀಲಿ. ತೀರ್ಮಾನ ಕಟ್ಟೆ ಮೇಲೇ ಹೇಳ್ತೀನಿ. ನೀವೂ ಬನ್ನಿ."

ಕಾರ್ಯದರ್ಶಿಗಳು ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಟ್ಟು, ಎಡಕ್ಕೊಬ್ಬ ಬಲಕ್ಕೊಬ್ಬ ಕಾನ್‌ಸ್ಟೇಬಲ್ ಇಟ್ಟುಕೊಂಡು ಬಂದರು. ಬೇಸಿಗೆಗೆ ಇಳಿದಿದ್ದ ಕೆರೆಗಿಂತ ಹೆಚ್ಚು ನೀರು ಅವರ ಬೆನ್ನ ಮೇಲೆ ಹರಿಯುತ್ತಿತ್ತು. ಮೇಸ್ತ್ರಿ ಹೇಳಿದಂತೆಯೇ ಎಲ್ಲರಿಗಿಂತ ಮುಂದೆ ನಿಂತಿದ್ದ, ಒಗೆದ ಅಂಗಿ ತೊಟ್ಟು, ಕೈಯಲ್ಲಿ ಟವೆಲ್ ಹಿಡಿದು.

ಗುಬ್ಬಿಯ ಗಂಟಲು ದೋಣಿಗಿಂತ ಮೊದಲು ದಡ ಮುಟ್ಟಿತು. ಅಕ್ಕನ ಮಗನ ದೋಣಿಗಿಂತ ಒಂದು ಮೊಳ ಮುಂದೆ ಅವರು ಗೆದ್ದರು.

ಹುಟ್ಟು ಹಾಕಿದ ನಾಲ್ವರೂ ಕಟ್ಟೆಗೆ ಹಾರಿದರು. ಕಂಬ ತೋಳೇರಿಸಿದ. ಕಾರ್ಯದರ್ಶಿಗಳು ಕಾನ್‌ಸ್ಟೇಬಲ್ಲಿನ ಬೆಲ್ಟು ಹಿಡಿದುಕೊಂಡು ಕಣ್ಣು ಮುಚ್ಚಿದರು.

"ಒಂದು, ಎರಡು, ಮೂರು."

ದುಡುಂ ಎಂಬ ಸದ್ದಾಯಿತು. ಕಣ್ಣು ಬಿಟ್ಟರೆ ತಾವು ನಿಂತಲ್ಲೇ ಇದ್ದರು. ಎಡಗಡೆಯ ಆಳದಿಂದ ಗುಬ್ಬಿ ಮೇಲೆದ್ದು, ಮೂಗಿನಿಂದ ನೀರು ಚಿಮ್ಮಿಸಿ, "ಅಪ್ಪಾ, ನೀನೂ ಸೇರ್ಕೊಂಡಿದ್ಯಾ ಇವರ ಜೊತೆ?" ಎಂದು ಬೈಯುತ್ತ ನಗುತ್ತಿದ್ದಳು. ಮೇಸ್ತ್ರಿ ಟವೆಲ್ಲಿನಿಂದ ತನ್ನ ಕಣ್ಣು ಒರೆಸಿಕೊಳ್ಳುತ್ತಿದ್ದ. ಫೋಟೊದವನು ಓಡಿ ಬಂದು ನಾಲ್ವರನ್ನು ಸಾಲಾಗಿ ನಿಲ್ಲಿಸಿ, ನಡುವೆ ಅವಳಿಗೆ ಜಾಗ ಬಿಟ್ಟ.

ಅಧ್ಯಕ್ಷೆ ಚೀಲದಿಂದ ಆ ಕಾಗದ ತೆಗೆದರು.

"ಗೆದ್ದ ಕಾಕ್ಸನ್ನ ನೀರಿಗೆ ಹಾಕದೆ ಮನೆಗೆ ಕಳಿಸಿದ ತಂಡವನ್ನ ನಾನು ಈ ಜನ್ಮದಲ್ಲಿ ಕಂಡಿಲ್ಲ ಸ್ವಾಮಿ," ಎಂದರು. "ಈಗ ಹೇಳಿ, ಆ ಫೋಟೊದಲ್ಲಿ ನೀವು ಯಾರ ದೋಣಿ ಪಕ್ಕ ನಿಂತಿದ್ದೀರಿ?"