ತೊಡೆಯ ಮೇಲಿನ ಕೈ

“ಕಣ್ಣು ಮುಚ್ಚಿ. ಹತ್ತಿ ಎಲ್ಲಿ ತಾಗ್ತಿದೆ ಹೇಳಿ,” ಅಂದರು ಸರ್ಜನ್.

“ಬಲಗಡೆ ತೊಡೆ,” ಅಂದ ಟೈಲರ್.

ಪಕ್ಕದಲ್ಲಿ ನಿಂತಿದ್ದ ಹೆಂಡತಿ ಇಣುಕಿ ನೋಡಿದಳು. ಹತ್ತಿ ತೊಡೆಯ ಮೇಲೆ ಇರಲೇ ಇಲ್ಲ. ಎರಡು ಕಾಲುಗಳ ನಡುವೆ, ಹೊಸದಾಗಿ ಹೊಲಿದ ಚರ್ಮದ ಮೇಲಿತ್ತು.

ಅಲ್ಲೊಂದು ಕುರು ಎದ್ದಾಗ ಇವನು ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ. ನಾಚಿಕೆಯಂತೆ. ಕೊಳೆತ ವಾಸನೆ ಮನೆ ತುಂಬಿ, ಜ್ವರದಲ್ಲಿ ಬಡಬಡಿಸತೊಡಗಿದ ಮೇಲೆ ಅವಳೇ ಆಸ್ಪತ್ರೆಗೆ ಹೊತ್ತು ತಂದಿದ್ದಳು. ಸತ್ತ ಚರ್ಮವನ್ನೆಲ್ಲ ಕತ್ತರಿಸಿ ತೆಗೆದರು. ಬೀಜಗಳು ಬತ್ತಲೆ ನಿಂತವು. ಪ್ರಾಣ ಉಳಿಯಿತು. ಆಮೇಲೆ ತೊಡೆಯ ಒಳಮಗ್ಗುಲಿನ ಚರ್ಮವನ್ನು ಬುಡವನ್ನೂ ನರವನ್ನೂ ಕಡಿಯದೆ ತಿರುಗಿಸಿ ಅಲ್ಲಿಗೆ ಹೊದಿಸಿದರು.

“ನರ ತೊಡೆಯದೇ ಅಲ್ವಾ, ಇನ್ನೂ ಹಳೇ ಅಡ್ರೆಸ್ಸೇ ಹೇಳ್ತಿದೆ. ದಿನಾ ಕಣ್ಣಿಂದ ನೋಡ್ತಾ ಮುಟ್ಟಿ. ಕಲಿಯುತ್ತೆ,” ಅಂದರು ಸರ್ಜನ್.

“ಪ್ಯಾಂಟಿನ ಕಾಲು ಕತ್ತರಿಸಿ ಮುಂದಕ್ಕೆ ತೇಪೆ ಹಾಕಿದ್ದೀರಿ ಬಿಡಿ ಸಾರ್,” ಎಂದು ಟೈಲರ್ ನಕ್ಕ. ಕೆಳಗೆ ಮಾತ್ರ ನೋಡಲಿಲ್ಲ.

ಮನೆಯಲ್ಲೂ ನೋಡಲಿಲ್ಲ. ಹೆಂಡತಿ ಮುಲಾಮು ಹಿಡಿದು ಬಂದರೆ, “ಹೋಗೇ ಆಚೆ, ನಾನೇನು ಹಸುಗೂಸಾ?” ಎಂದು ಗದರುತ್ತಿದ್ದ. ಮನೆಯ ಮುಂಗೋಣೆಯೇ ಅಂಗಡಿ. ಅವನ ಹಾಸಿಗೆ ಅಲ್ಲಿಯ ಕಟಿಂಗ್ ಮೇಜಿನ ಕೆಳಗೆ ಹೋಯಿತು. ಅವಳು ಒಳಗೆ ಒಬ್ಬಳೇ. ಅಂದು ಕುರುವನ್ನು ಮುಚ್ಚಿಟ್ಟವನು ಈಗ ವಾಸಿಯಾದದ್ದನ್ನೂ ಮುಚ್ಚಿಟ್ಟ. ಅವನ ಮಾನಕ್ಕಿಷ್ಟು ಬೆಂಕಿ ಬೀಳಲಿ.

ಒಂದು ಮಧ್ಯಾಹ್ನ ಹೊಲಿಗೆ ಯಂತ್ರ ಗಕ್ಕನೆ ನಿಂತಿತು.

“ತೊಡೆ ಮೇಲಿಂದ ಕೈ ತೆಗಿಯೇ,” ಅಂದ, ತಲೆ ಎತ್ತದೆ.

“ಯಾರಿಗ್ರೀ ಹೇಳ್ತಿದ್ದೀರಿ?”

ಅವಳು ಬಾಗಿಲ ಬಳಿ ಕೂತು ಅಂಗಿಗೆ ಗುಂಡಿ ಹಾಕುತ್ತಿದ್ದಳು. ಟೈಲರ್ ಬಗ್ಗಿ ನೋಡಿದ. ಯಾರೂ ಇಲ್ಲ. ಕೈಗೆ ಸಿಕ್ಕ ಸೂಜಿಯಿಂದ ತೊಡೆಯನ್ನೇ ಚುಚ್ಚಿಕೊಂಡ. ಲುಂಗಿಯ ಮೇಲೆ ರಕ್ತ ಮೂಡಿತು, ನೋಯಲಿಲ್ಲ.

“ಆ ಹೊಲಿದ ಜಾಗಕ್ಕೆ ಲುಂಗಿ ತಾಗಿರ್ಬೇಕು ಬಿಡಿ.”

“ಲುಂಗಿಗೆ ಐದು ಬೆರಳಿರ್ತಾವೇನೇ?”

ಅವಳು ಎದ್ದು ಅಂಗಡಿಯ ಬಾಗಿಲು ಹಾಕಿದಳು. ಅವನ ಪಕ್ಕ ಕೂತಳು. “ನೋಡ್ರೀ ಒಂದ್ಸಲ. ನೋಡಿದ್ರೆ ಹೋಗುತ್ತೆ ಅಂದಿದ್ದಾರೆ ಡಾಕ್ಟ್ರು.”

ಅವನು ಅವಳ ಎಡಗೈಯನ್ನು ಬಿಗಿಯಾಗಿ ಹಿಡಿದುಕೊಂಡ, ಲುಂಗಿ ಸರಿಸಿದ, ಕಾಯಿಲೆ ಬಂದಂದಿನಿಂದ ಮೊದಲ ಸಲ ನೋಡಿದ. ಕೂದಲಿಲ್ಲದ, ಸ್ವಲ್ಪ ಕಪ್ಪಗಿನ, ಯಾರದೋ ಅನ್ನಿಸುವ ಚರ್ಮ.

“ಹೊಲಿಗೆ ನೇರ ಹಾಕಿದ್ದಾನೆ ಕಣೇ,” ಅಂದ.

ಅವಳು ಬಲಗೈಯನ್ನು ಅದರ ಮೇಲಿಟ್ಟಳು. “ಎಲ್ಲಿ?”

“ತೊಡೆ...” ಅಂದವನು ದಿಟ್ಟಿಸಿ ನೋಡುತ್ತ ಕೂತ. “ತಡಿ, ತಡಿ. ಇಲ್ಲೇ. ನಿನ್ನ ಕೈ ಇಲ್ಲೇ ಇದೆ ಕಣೇ.” ಅವನ ಕಣ್ಣು ತುಂಬಿತು. ಅವಳದೂ.

“ನಾ ಹೇಳ್ಲಿಲ್ವಾ? ಮುದುಕ ಆದ್ರೂ ಹಟ ಬಿಡಲ್ಲ. ನಡೀರಿ, ಇವತ್ತಿಂದ ಒಳಗೇ ಮಲಗಿ.”

ಟೈಲರ್ ಅಲುಗಲಿಲ್ಲ. ಅವನ ಮುಖದಲ್ಲಿದ್ದ ನಗು ಮೆಲ್ಲಗೆ ಇಳಿಯಿತು.

“ಬರ್ತೀನಿ,” ಅಂದ. “ಆ ಇನ್ನೊಂದು ಕೈನ ತೊಡೆ ಮೇಲಿಂದ ತೆಗಿ.”

ಅವಳ ಎಡಗೈ ಇನ್ನೂ ಅವನ ಮುಷ್ಟಿಯಲ್ಲೇ ಇತ್ತು.