ಒಳಗೆ ಕರೆದ ಮನೆ

ರಮಾನಾಥ ವಿಡಿಯೊ ಕ್ಯಾಮೆರಾದಿಂದ ಕಣ್ಣು ತೆಗೆದು ನೋಡುವಷ್ಟರಲ್ಲಿ ಅವನ ತಾಯಿ ಅಂಬುಜಮ್ಮ ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು, ಆ ಹಳೆಯ ಮನೆಯೊಳಗೆ ಹೋಗಿ, ಒಲೆಯ ಪಕ್ಕದ ಬೆಂಚಿನ ಮೇಲೆ ಕೂತೂ ಆಗಿತ್ತು.

ಇಂಗ್ಲೆಂಡಿನ ನೂರು ವರ್ಷದ ಹಿಂದಿನ ಊರೊಂದನ್ನು ಹಾಗೆಯೇ ಉಳಿಸಿ ಜನರಿಗೆ ತೋರಿಸುವ ಜಾಗ ಅದು. ಕಮ್ಮಾರನ ಕುಲುಮೆ, ಶಾಲೆ, ಕಾಲುವೆ, ದೋಣಿ ಎಲ್ಲ ಇನ್ನೂ ಬಾಕಿ. ಐದಕ್ಕೆ ಬಾಗಿಲು ಹಾಕುತ್ತಾರೆ. ಬೆಳಗಾದರೆ ಅಮ್ಮ ಊರಿಗೆ ಹೊರಡಬೇಕು. ಸೊಲಿಹಲ್‌ನ ತನ್ನ ಮನೆಯಿಂದ ಒಂದು ಗಂಟೆ ಕಾರು ಓಡಿಸಿಕೊಂಡು ಬಂದವನಿಗೆ ತಲೆ ಕೆಟ್ಟುಹೋಯಿತು.

“ಅಮ್ಮ, ಇಲ್ಲಿ ಕೂತ್ಕೊಳ್ಳೋದಲ್ಲ. ನೋಡಿಕೊಂಡು ಮುಂದೆ ಹೋಗ್ಬೇಕು. ಹಿಂದೆ ಕ್ಯೂ ಉಂಟು,” ಎಂದ ಹೊಸ್ತಿಲಲ್ಲೇ ನಿಂತು.

“ಕರೆದದ್ದು ಅವಳೇ. ‘ಕಮ್ ಇನ್, ಲವ್’ ಅಂತ ಹೇಳಿದ್ದು ನಿನಗೆ ಕೇಳಲಿಲ್ವಾ? ಏನಾದರೂ ಬಾಯಿಗೆ ಹಾಕದೆ ಎದ್ದರೆ ಮನೆಯವಳಿಗೆ ಬೇಸರ ಆಗ್ತದೆ.”

ಉದ್ದ ಲಂಗ, ಬಿಳಿ ಟೊಪ್ಪಿ ತೊಟ್ಟಿದ್ದ ‘ಮನೆಯವಳು’ ಒಲೆಯಿಂದ ಬ್ರೆಡ್ಡು ತೆಗೆಯುತ್ತ ನಕ್ಕಳು.

ಮಗನ ಮನೆಗೆ ಬಂದ ಆರು ತಿಂಗಳಿಂದ ಅಮ್ಮನದು ಒಂದೇ ರಾಗ. ಕೋಟೆ ತೋರಿಸಿದ, ಚರ್ಚು ತೋರಿಸಿದ, ಸಮುದ್ರವನ್ನೂ ತೋರಿಸಿದ. “ಅದೆಲ್ಲ ಸರಿ, ಇವರ ಅಡುಗೆಮನೆ ಹೇಗಿರ್ತದೆ? ಯಾರದ್ದಾದರೂ ಮನೆಗೆ ಒಮ್ಮೆ ಹೋಗುವ. ಮೂಲ್ಕಿಗೆ ಹೋದರೆ ನೆರೆಮನೆಯ ಶಾರದಮ್ಮ ಮೊದಲು ಕೇಳೋದೇ ಅದನ್ನು,” ಎನ್ನುತ್ತಿದ್ದಳು. ಈ ವಾರ, ಮುಂದಿನ ವಾರ ಎಂದು ಅವನು ಜಾರಿಕೊಳ್ಳುತ್ತಲೇ ಬಂದಿದ್ದ.

ಹಿಂದೆ ಯಾರೋ ಕೆಮ್ಮಿದರು. ರಮಾನಾಥನ ತಾಳ್ಮೆ ಕೆಟ್ಟಿತು.

“ಇದು ಅವಳ ಮನೆ ಅಲ್ಲಮ್ಮ. ಕೆಲಸಕ್ಕೆ ಬರ್ತಾಳೆ. ಐದು ಗಂಟೆಗೆ ಆ ಟೊಪ್ಪಿ ತೆಗೆದಿಟ್ಟು ತನ್ನ ಮನೆಗೆ ಹೋಗ್ತಾಳೆ. ಬಂದವರನ್ನೆಲ್ಲ ಒಳಗೆ ಕರೆಯೋದಕ್ಕೇ ಅವಳಿಗೆ ಸಂಬಳ.”

ಹೆಂಗಸು ಚಾಚಿದ ಬಿಸಿ ಬ್ರೆಡ್ಡಿನ ತುಂಡನ್ನು ಅಂಬುಜಮ್ಮ ಎರಡೂ ಕೈಯಲ್ಲಿ ತೆಗೆದುಕೊಂಡಳು.

“ಗೊತ್ತುಂಟು ಮಾರಾಯ. ಸಂಬಳಕ್ಕಾದರೂ ಕರೆದಳಲ್ಲ. ನೀನು ಸೊಲಿಹಲ್‌ನಲ್ಲಿ ಮನೆ ತೆಗೊಂಡು ಒಂಬತ್ತು ವರ್ಷ ಆಯ್ತು. ಪಕ್ಕದ ಮನೆಯವಳ ಹೆಸರೆಂತ?”

ರಮಾನಾಥನಿಗೆ ಆಕೆಯ ಕಾರಿನ ಬಣ್ಣ ಗೊತ್ತಿತ್ತು, ಕಸದ ಡಬ್ಬ ಹೊರಗಿಡುವ ದಿನ ಗೊತ್ತಿತ್ತು. ಹೆಸರು ಮಾತ್ರ ಗೊತ್ತಿರಲಿಲ್ಲ. ಕ್ಯಾಮೆರಾ ಆರಿಸಿ ಹೆಗಲಿಗೆ ಹಾಕಿಕೊಂಡ. ಆಮೇಲೆ ಹಿಂದೆ ನಿಂತವರ ಕಡೆ ನೋಡದೆ, ಅಮ್ಮನ ಚಪ್ಪಲಿಯ ಪಕ್ಕದಲ್ಲಿ ಬಗ್ಗಿ ಕೂತು ಶೂ ಲೇಸು ಬಿಚ್ಚತೊಡಗಿದ.