ಸಕಾರದ ಸಿಳ್ಳೆ

"ಸಿಸ್ಟರಮ್ಮಾ, ತಪ್ಪು ತಿಳ್ಕೋಬೇಡಿ. 'ಸ', 'ಶ' ಬಂದಾಗೆಲ್ಲ ಸಿಳ್ಳೆ ಹೊಡೆದ ಹಾಗೆ ಕೇಳ್ಸುತ್ತೆ," ಎಂದಳು ಫೋನಿನಲ್ಲಿ ಹುಡುಗಿ.

ಹಳೆಯ ಕಾವ್ಯಗಳನ್ನು ಓದಿಸಿ, ಧ್ವನಿ ಮುದ್ರಿಸಿ, ಯಾರು ಬೇಕಾದರೂ ಪುಕ್ಕಟೆ ಕೇಳಲಿ ಎಂದು ಇಂಟರ್ನೆಟ್ಟಿಗೆ ಹಾಕುವ ಬಳಗವೊಂದಿತ್ತು. ಓದುವವರೆಲ್ಲ ಸಂಬಳವಿಲ್ಲದ ಸ್ವಯಂಸೇವಕರು. ಬಂದ ಓದನ್ನು ಕೇಳಿ ಒಪ್ಪುವುದು, ಇಲ್ಲವೇ ತಿದ್ದಿಸುವುದು ಈ ಹುಡುಗಿಯ ಪಾಲಿನ ಕೆಲಸ. ಈಚೆ ಫೋನು ಹಿಡಿದಿದ್ದವರು ಆಸ್ಪತ್ರೆಯಿಂದ ನಿವೃತ್ತರಾದ ನರ್ಸು. ಕೆಲಸ ಬಿಟ್ಟರೂ ಎಲ್ಲರ ಬಾಯಲ್ಲಿ ಸಿಸ್ಟರಮ್ಮನೇ. ಈಚೆಗಷ್ಟೇ ಹಲ್ಲುಸೆಟ್ಟು ಹಾಕಿಸಿಕೊಂಡಿದ್ದರು. ಅಗಿಯುವುದಕ್ಕೂ ನಗುವುದಕ್ಕೂ ಅದು ಚೆನ್ನಾಗಿಯೇ ಇತ್ತು. ಕಾವ್ಯಕ್ಕೆ ಮಾತ್ರ ಕೈಕೊಟ್ಟಿತ್ತು.

"ಆ ಭಾಗ ಬೇರೆಯವರ ಹತ್ರ ಓದಿಸ್ತೀವಿ ಬಿಡಿ. ರೇಡಿಯೋದಲ್ಲಿದ್ದವರೊಬ್ಬರು ಸೇರಿದ್ದಾರೆ. ಸ್ವರ ಅಂದ್ರೆ ಜೇನು."

"ಜೇನಿನಂಥ ಸ್ವರದಲ್ಲಿ ಯಾರಾದ್ರೂ ಮಗನ ಹೆಣ ಹುಡುಕ್ತಾರೇನಮ್ಮಾ? ನಾಲ್ಕು ದಿನ ಕೊಡು. ಅದನ್ನ ನಾನೇ ಓದೋದು," ಎಂದು ಸಿಸ್ಟರಮ್ಮ ಫೋನು ಇಟ್ಟರು.

ಅವರ ಪಾಲಿಗೆ ಬಂದಿದ್ದದ್ದು, ಯುದ್ಧ ಮುಗಿದ ಸಂಜೆ ತಾಯಿಯೊಬ್ಬಳು ದೀಪ ಹಿಡಿದು ರಣರಂಗದಲ್ಲಿ ಮಗನನ್ನು ಹುಡುಕುತ್ತ ಹೋಗುವ ಭಾಗ. ಮಾತು ಹಳೆಯದಾದರೂ ಕಿವಿಗೊಟ್ಟರೆ ಅರ್ಥವಾಗುವಂಥದ್ದು. "ಮತ್ತೆ ಓದ್ತೀಯಾ?" ಎಂದು ಯಜಮಾನರು ಗಾಬರಿಯಾದರು. ಹಿಂದಿನ ಸಲ ಮುದ್ರಿಸುವಾಗ ಸದ್ದಾಗಬಾರದೆಂದು ಸಿಸ್ಟರಮ್ಮ ಫ್ರಿಜ್ಜು ಆರಿಸಿ, ಮತ್ತೆ ಹಾಕುವುದನ್ನೇ ಮರೆತಿದ್ದರಿಂದ ಹಾಲೆಲ್ಲ ಒಡೆದುಹೋಗಿತ್ತು. "ಅದೇ ಕಾವ್ಯದಲ್ಲಿ ಉದ್ಯಾನದ ವರ್ಣನೆ ಇದೆಯಲ್ಲ, ಅದನ್ನ ಕೇಳಿ ತಗೋಬಾರ್ದಾ?"

"ಉದ್ಯಾನ ಯಾರು ಬೇಕಾದ್ರೂ ಓದ್ಲಿ. ವಾರ್ಡಿನ ಬಾಗಿಲಲ್ಲಿ ನಿಂತು ಎಷ್ಟು ತಾಯಂದಿರಿಗೆ 'ಧೈರ್ಯ ತಗೊಳ್ಳಿ' ಅಂದಿದೀನಿ ಗೊತ್ತಾ? ಅಷ್ಟು ಹೇಳೋದ್ರೊಳಗೆ ಪಕ್ಕದ ಹಾಸಿಗೆಯವರು ಕರೀತಿದ್ರು. ಆ ತಾಯಂದಿರು ಆಮೇಲೆ ಏನಂದ್ರು ಅಂತ ನಿಂತು ಕೇಳೋಕೆ ಪುರುಸೊತ್ತೇ ಸಿಗಲಿಲ್ಲ. ಈ ತಾಯಿ ಅದನ್ನೇ ಹೇಳ್ತಿದಾಳೆ."

ಸಂಜೆಯೆಲ್ಲ ಕನ್ನಡಿಯ ಮುಂದೆ ಕೂತು ನಾಲಿಗೆಯನ್ನು ಮೇಲೆ ಕೆಳಗೆ ಮಾಡಿ ನೋಡಿದರು. ಸೆಟ್ಟು ತೆಗೆದಿಟ್ಟು ಓದಿದರೆ ಸಿಳ್ಳೆಯೇನೋ ಹೋಯಿತು, ಅದರ ಜೊತೆಗೆ 'ತ', 'ದ'ಗಳೂ ಹೋದವು. ಯಜಮಾನರು ನಗು ತಡೆಯಲಾರದೆ ಬಾಲ್ಕನಿಗೆ ಓಡಿದರು. ಬೋಳು ಬಾಯಲ್ಲಿ ಸಿಸ್ಟರಮ್ಮನೂ ನಕ್ಕರು. ಮರುದಿನ ಬೆಳಿಗ್ಗೆ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಹಲ್ಲಿನ ಡಾಕ್ಟರ ಕುರ್ಚಿ ಹತ್ತಿದರು.

"ನೋವಿದೆಯಾ?"

"ಇಲ್ಲ."

"ಊಟಕ್ಕೆ ತೊಂದರೆ?"

"ಏನೂ ಇಲ್ಲ. 'ಸ' ಬರ್ತಿಲ್ಲ ಡಾಕ್ಟ್ರೇ."

ಡಾಕ್ಟರು ಮುಗುಳ್ನಕ್ಕರು. "ಅಷ್ಟೇನಾ? ನಾಲಿಗೆ ತಾನಾಗೇ ಹೊಂದ್ಕೊಳ್ಳುತ್ತೆ, ಒಂದೆರಡು ತಿಂಗಳು ನೋಡಿ. ಹೊರಗೆ ಜನ ಕಾಯ್ತಿದಾರೆ."

"ಗೊತ್ತು, ನಾನೂ ಅವರ ಜೊತೆ ಕಾದೇ ಒಳಗೆ ಬಂದಿದ್ದು." ಸಿಸ್ಟರಮ್ಮ ಕುರ್ಚಿ ಬಿಟ್ಟು ಏಳಲಿಲ್ಲ. ಕನ್ನಡಕ ಏರಿಸಿ ಪುಸ್ತಕ ಬಿಡಿಸಿದರು. "ನಾನು ಓದ್ತೀನಿ. ಗಾಳಿ ಎಲ್ಲಿ ಸೋರುತ್ತೆ ಅಂತ ನೀವು ಕೇಳಿ."

ಮೊದಲ ಸಾಲಿನಲ್ಲೇ ಸಿಳ್ಳೆ ಕಿರ್ರೆಂದಿತು. ಉಪಕರಣ ತೊಳೆಯುತ್ತಿದ್ದ ಸಹಾಯಕಿ ಮುಖ ಗೋಡೆಯ ಕಡೆ ತಿರುಗಿಸಿಕೊಂಡಳು. ಡಾಕ್ಟರಿಗೆ ಮಾತ್ರ ಇದ್ದಕ್ಕಿದ್ದಂತೆ ಕೆಲಸದ ಹುರುಪು ಬಂತು. ಸೆಟ್ಟು ಕಳಚಿ ಮುಂದಿನ ಹಲ್ಲಿನ ಹಿಂಬದಿಯನ್ನು ಚೂರು ಉಜ್ಜಿ ಕೊಟ್ಟರು. ಸಿಳ್ಳೆ ಇನ್ನೂ ಜೋರಾಯಿತು. "ಓಹೋ, ತೆಗೆಯೋದಲ್ಲ, ತುಂಬಬೇಕು," ಎಂದು ಗೊಣಗಿಕೊಂಡು ಮೇಣ ಕಾಯಿಸಿ, ಅದೇ ಜಾಗಕ್ಕೆ ತೆಳುವಾಗಿ ಮೆತ್ತಿದರು. 'ಸ' ಸರಿಹೋಯಿತು, 'ಶ' ಬುಸುಗುಟ್ಟಿತು. ಮೇಣ ಕೆರೆದರು. ಮತ್ತೆ ಮೆತ್ತಿದರು. ಸಿಸ್ಟರಮ್ಮ ಪ್ರತಿ ಸಲವೂ ಮೊದಲಿನಿಂದ ಶುರು ಮಾಡಿದರು.

"ಬರೀ ಸಿಳ್ಳೆ ಬರೋ ಪದ ಹೇಳಿದ್ರೆ ಸಾಕಲ್ಲಮ್ಮಾ?"

"ದೀಪ ಹಿಡ್ಕೊಂಡು ಮನೆಯಿಂದ ಹೊರಟವಳು ಡಾಕ್ಟ್ರೇ. ನಡುದಾರಿಯಿಂದ ಹೇಗೆ ಹೊರಡ್ತಾಳೆ?"

ಡಾಕ್ಟರು ಇನ್ನೊಮ್ಮೆ ಮೇಣ ಕಾಯಿಸಿದರು.

ಆ ಸಲ ಸಿಳ್ಳೆ ಬರಲಿಲ್ಲ. ಸಿಸ್ಟರಮ್ಮನಿಗೆ ಅದು ಗೊತ್ತಾಯಿತು, ಆದರೂ ಓದುತ್ತ ಹೋದರು. ರಾಗ ಎಳೆಯಲಿಲ್ಲ, ಅಳಲಿಲ್ಲ. ಕಾಯಿಲೆಯವರ ಪಕ್ಕದಲ್ಲಿ ಕೂತು ಮಾತಾಡುವ ಹಾಗೆ ತಗ್ಗಿದ, ಸ್ಪಷ್ಟವಾದ ದನಿ. ತಾಯಿ ಒಂದೊಂದು ಹೆಣದ ಬಳಿಯೂ ಬಗ್ಗುತ್ತಾಳೆ, ಮುಖಕ್ಕೆ ದೀಪ ಹಿಡಿಯುತ್ತಾಳೆ. ತನ್ನವನಲ್ಲ ಎಂದು ತಿಳಿದ ಮೇಲೂ ಯಾರದೋ ಮಗನ ಕೂದಲು ಸರಿಮಾಡಿ ಮುಂದೆ ಹೋಗುತ್ತಾಳೆ.

"ಸಾಕಮ್ಮಾ, ಹೋಯ್ತು ಸಿಳ್ಳೆ," ಎಂದರು ಡಾಕ್ಟರು. "ಇದೇ ಅಳತೆಗೆ ಗಟ್ಟಿ ಮಾಡಿಸಿ ನಾಳೆ ಕೊಡ್ತೀನಿ. ನಾಡಿದ್ದು ಧಾರಾಳವಾಗಿ ಓದಿ ಕಳಿಸಬಹುದು."

ಸಿಸ್ಟರಮ್ಮ ಗೆದ್ದವರಂತೆ ಕನ್ನಡಕ ತೆಗೆದು ಪುಸ್ತಕ ಮುಚ್ಚಿದರು. ಹೊರಗೆ ಕಾಯುವ ಕೋಣೆಯಲ್ಲಿ ಅಷ್ಟು ಹೊತ್ತು ಇದ್ದ ಗುಜುಗುಜು ಯಾವಾಗ ನಿಂತಿತೋ, ಯಾರೂ ಗಮನಿಸಿರಲಿಲ್ಲ. ಬಾಗಿಲು ಮೆಲ್ಲಗೆ ತೆರೆಯಿತು. ಕೆನ್ನೆ ಊದಿ, ಒದ್ದೆ ಕರವಸ್ತ್ರ ಒತ್ತಿ ಹಿಡಿದ ಒಬ್ಬಾತ ನಿಂತಿದ್ದ. ಅವನ ಹೆಗಲ ಮೇಲಿಂದ ಮತ್ತೆ ಮೂರ್ನಾಲ್ಕು ಮುಖಗಳು ಇಣುಕುತ್ತಿದ್ದವು.

"ಬನ್ನಿ, ನಿಮ್ಮದೇ ಸರದಿ," ಎಂದು ಡಾಕ್ಟರು ಕರೆದರು.

ಅವನು ಕುರ್ಚಿಯ ಕಡೆ ನೋಡಲೇ ಇಲ್ಲ. ನೋವಿಗೆ ಮುಖ ಕಿವುಚಿಕೊಂಡು, ಬಾಯಿಯ ಒಂದೇ ಪಕ್ಕದಿಂದ ಕಷ್ಟಪಟ್ಟು ಕೇಳಿದ:

"ನಿಲ್ಲಿಸ್ಬಿಟ್ರಲ್ಲಮ್ಮಾ... ಮಗ ಸಿಕ್ಕಿದ್ನಾ?"